ತುಂಗವ್ವನ ಒಲೆಯ ವರದಿ

ನಮ್ಮೂರಲ್ಲಿ ಯಾರ ಮನೆಗೆ ಹೋದರೂ ಒಲೆಗೆ ಬೆನ್ನು ಹಾಕಿ ಕೂರಬೇಕು. ಅದು ಮರ್ಯಾದೆ. ಊರಿನವರ ಕಣ್ಣು ಬಿದ್ದರೆ ಒಲೆ ಹೊಗೆಯಾಡುತ್ತದೆ, ಹೊರಗಿನವರ ಕಣ್ಣು ಬಿದ್ದರೆ ಉರಿಯುತ್ತದೆ. ಆ ಮನೆಯವರೇ ನೋಡಿದರೆ ಏನೂ ಆಗುವುದಿಲ್ಲ. ಕಟ್ಟಿಗೆ, ಕುಳ್ಳು ಎಲ್ಲವನ್ನೂ ನಾವೂ ಒಡ್ಡುತ್ತೇವೆ, ಇಲ್ಲವೆಂದಲ್ಲ. ಆದರೆ ಅವು ಸುಮ್ಮನೆ ಕಾಯುತ್ತ ಬಿದ್ದಿರುತ್ತವೆ. ಪರಸ್ಥಳದವರು ಯಾರಾದರೂ ನೋಡಿದರೆ ತಾವಾಗಿ ಹೊತ್ತಿಕೊಳ್ಳುತ್ತವೆ, ನೋಡುವಷ್ಟು ಹೊತ್ತು ಉರಿದು, ಅವರು ಮುಖ ತಿರುಗಿಸಿದ ಕೂಡಲೇ ಆರುತ್ತವೆ.

ಹಾಗಾಗಿ ನಮ್ಮ ಮನೆಗಳಲ್ಲಿ ಅಡುಗೆಮನೆ ಬೀದಿಗೆ, ಪಡಸಾಲೆ ಹಿಂದಕ್ಕೆ. ನಾನು ಚಿಕ್ಕವಳಿದ್ದಾಗ ಸಂತೆಗೆ ಹೋಗುವ ಗಾಡಿಗಳೆಲ್ಲ ನಮ್ಮ ಬೀದಿಯಲ್ಲೇ ಹಾಯುತ್ತಿದ್ದವು. ಗಾಡಿಯವರನ್ನು ಕರೆದು, ಕುಡಿಯಲು ನೀರು ಕೊಟ್ಟು, ಏನಾದರೂ ಸುದ್ದಿ ತೆಗೆದು ನಿಲ್ಲಿಸಿಕೊಳ್ಳುವುದು ಹೆಂಗಸರ ಕೆಲಸವಾಗಿತ್ತು. ನಮ್ಮವ್ವ ಒಬ್ಬ ಬಳೆಗಾರನಿಗೆ ತನ್ನ ಅತ್ತೆಮನೆಯ ಕತೆ ಹೇಳುತ್ತ ಹೇಳುತ್ತ ಅನ್ನ ಮಾಡಿಕೊಳ್ಳುತ್ತಿದ್ದಳು. ಸಾರಿಗೆ ಒಗ್ಗರಣೆ ಬಿದ್ದ ಮೇಲೆ ಕತೆಯನ್ನು ಎಲ್ಲಿತ್ತೋ ಅಲ್ಲೇ ನಿಲ್ಲಿಸಿಬಿಡುತ್ತಿದ್ದಳು. ಆ ಕತೆಯ ಕೊನೆ ತಿಳಿಯಲೆಂದೇ ಅವನು ಮುಂದಿನ ವಾರವೂ ಬರುತ್ತಿದ್ದ.

ಆಮೇಲೆ ದೊಡ್ಡ ರಸ್ತೆ ಊರಾಚೆ ಹೋಯಿತು, ಗಾಡಿಗಳೂ ಅತ್ತಲೇ ಹೋದವು. ಕೆಲವು ವರ್ಷ ಅವಲಕ್ಕಿ, ಮಜ್ಜಿಗೆ, ನೆನೆಸಿದ ಹೆಸರುಕಾಳಿನಲ್ಲಿ ದಿನ ನೂಕಿದೆವು. ಫೋನು ಬಂದ ಮೇಲೆ ಒಲೆಗಳಿಗೆ ಮತ್ತೆ ಜೀವ ಬಂತು. ಒಲೆಯ ಮುಂದೆ ಫೋನು ನಿಲ್ಲಿಸಿ ವಿಡಿಯೊ ಮಾಡಿ ಹಾಕಿದರೆ ಸಾಕು, ಎಲ್ಲೋ ಯಾವುದೋ ಊರಿನಲ್ಲಿ ಯಾರೋ ಅದನ್ನು ನೋಡಿದಾಗ ಇಲ್ಲಿ ಬೆಂಕಿ ಹತ್ತುತ್ತದೆ. ತೊಂದರೆ ಒಂದೇ. ಗಾಡಿ ಬರುವುದು ಕಣ್ಣಿಗೆ ಕಾಣುತ್ತಿತ್ತು, ಇವರು ಬರುವುದು ಕಾಣುವುದಿಲ್ಲ. ಅಕ್ಕಿ ತೊಳೆಯುವಷ್ಟರಲ್ಲಿ ಧಗ್ಗೆಂದು ಹೊತ್ತಿ, ಎಸರು ಕಾಯುವಷ್ಟರಲ್ಲಿ ಆರಿರುತ್ತಿತ್ತು. ಪಾತ್ರೆಯನ್ನು ಹಗಲೆಲ್ಲ ಒಲೆಯ ಮೇಲೇ ಇಟ್ಟು ಕಾಯುವುದನ್ನು ಕಲಿತೆವು.

ನಾನು ವರದಿ ಮಾಡಲು ಶುರು ಮಾಡಿದ್ದು ಈ ಕಾರಣಕ್ಕೆ. ತಲೆ ನೆರೆತ ಮೇಲೆ ರಾತ್ರಿ ಶಾಲೆಗೆ ಸೇರಿದವಳು ನಾನು. ಅಲ್ಲಿ ನೂರಜಾನ್ ಟೀಚರ್ ಅಕ್ಷರ, ಲೆಕ್ಕ, ಕಡೆಗೆ ಗೀಟು ಎಳೆದು ಏರಿಳಿತ ತೋರಿಸುವುದನ್ನೂ ಕಲಿಸಿದರು. ವರದಿ ಎಂದರೆ ಬರೆದವಳ ಜಾಣತನ ತೋರಿಸುವುದಕ್ಕಲ್ಲ, ಓದಿದವಳಿಗೆ ನಾಳೆ ತಾನೇನು ಮಾಡಬೇಕೆಂದು ತಿಳಿಯಬೇಕು ಎಂದು ಅವರು ಹೇಳುತ್ತಿದ್ದರು. ನಾನು ಒಂದೊಂದು ಒಲೆಗೆ ಒಂದೊಂದು ಸಾಲು ಮಾಡಿದೆ. ಯಾವ ಹೊತ್ತಿಗೆ ಜನ ಬರುತ್ತಾರೆ, ಎಷ್ಟು ಹೊತ್ತು ನಿಲ್ಲುತ್ತಾರೆ, ಎಲ್ಲಿಗೆ ಬಂದಾಗ ಮುಖ ತಿರುಗಿಸುತ್ತಾರೆ. ನಿಲ್ಲುವುದು ಎಂಬ ಮಾತು ಗಾಡಿಗಳ ಕಾಲದ್ದು, ಅದನ್ನೇ ಉಳಿಸಿಕೊಂಡೆ. ಮೊದಮೊದಲು ಶಾಲೆಯ ಹಲಗೆಯ ಮೇಲೆ ಸುಣ್ಣದಕಡ್ಡಿಯಲ್ಲಿ ಬರೆಯುತ್ತಿದ್ದೆ. ಆಮೇಲೆ ಫೋನಿನಲ್ಲೇ ಮಾಡಿ, ಲಿಂಕನ್ನು ಊರಿನ ಗುಂಪಿಗೆ ಕಳಿಸುವುದನ್ನು ಕಲಿತೆ. ಸೋಮವಾರ ಬೆಳಗ್ಗೆ ವರದಿ ಬರುವುದು ಸ್ವಲ್ಪ ತಡವಾದರೆ ಈಗಲೂ ಹೆಂಗಸರು ಬಾಗಿಲಿಗೆ ಬಂದು ನಿಲ್ಲುತ್ತಾರೆ.

ಮೊದಲಿಗೆ ಎಷ್ಟು ಜನ ನೋಡಿದರು ಎಂಬುದನ್ನೇ ಮೇಲಿನ ಸಾಲಿನಲ್ಲಿ ಹಾಕುತ್ತಿದ್ದೆ. ಆಗೆಲ್ಲ ಬಾಳವ್ವನ ಒಲೆಯೇ ಮುಂದು. ಅವಳು ರೊಟ್ಟಿ ಬಡಿಯುವುದು ನೋಡಲು ಚೆಂದ. ಬಳೆಯ ಸದ್ದು, ರೊಟ್ಟಿ ಗಾಳಿಯಲ್ಲಿ ಮಗುಚುವುದು, ನಡುನಡುವೆ ಸೊಸೆಯಂದಿರನ್ನು ಬಯ್ಯುವುದು. ಜನ ಹಿಂಡುಹಿಂಡಾಗಿ ಬರುತ್ತಿದ್ದರು, ಕಣ್ಣು ಮಿಟುಕಿಸುವಷ್ಟರಲ್ಲಿ ಹೋಗುತ್ತಿದ್ದರು. ಅವಳ ಒಲೆ ಜಂತಿ ಮುಟ್ಟುವ ಹಾಗೆ ಎದ್ದು ಹಾಗೇ ಮಲಗುತ್ತಿತ್ತು. ರೊಟ್ಟಿ ಒಂದು ಬದಿ ಕರಿ, ಇನ್ನೊಂದು ಬದಿ ಹಸಿ. ವರದಿಯಲ್ಲಿ ಮೊದಲು ಬಂದವಳ ಮನೆಯಲ್ಲಿ ಎಲ್ಲರಿಗೂ ಹೊಟ್ಟೆನೋವು. ಆಮೇಲೆ ನಾನು ತಲೆಸಾಲನ್ನು ಬದಲಿಸಿ, ಜನ ಎಷ್ಟು ಹೊತ್ತು ನಿಂತರು ಎಂಬುದನ್ನು ಮೇಲೆ ಹಾಕಿದೆ. ಬಾಳವ್ವ ರೊಟ್ಟಿ ಬಿಟ್ಟು, ಸಾವಕಾಶವಾಗಿ ಕಡುಬು ಮಾಡಿ ತೋರಿಸಲು ಕೂತಳು. ಅವಳ ಮನೆಯ ಹೊಟ್ಟೆನೋವು ಹೋಯಿತು.

ತುಂಗವ್ವ ಅವಳ ನೆಗೆಣ್ಣಿ. ಗಂಡಂದಿರು ಅಣ್ಣ ತಮ್ಮ, ಈಗ ಇಬ್ಬರೂ ಇಲ್ಲ. ಬಾಳವ್ವನಿಗೆ ತುಂಬಿದ ಮನೆ. ಹಿರಿಯ ಸೊಸೆ ತುಂಗವ್ವನಿಗೆ ಮಕ್ಕಳಿಲ್ಲ, ಪಕ್ಕದ ಮನೆಯಲ್ಲಿ ಒಬ್ಬಳೇ. ನಡುವೆ ಎದೆಮಟ್ಟದ ಒಂದು ಗೋಡೆ. ಮೊದಲೆಲ್ಲ ಬಾಳವ್ವ ಆ ಗೋಡೆಗೆ ಆನಿಸಿಕೊಂಡು, ಹೊಗೆ ಏಳಬಾರದೆಂದು ಮುಖವನ್ನು ಬೀದಿಗೆ ತಿರುಗಿಸಿ, ಅಕ್ಕಾ ಅಕ್ಕಾ ಎಂದು ದಿನವಿಡೀ ಹರಟುತ್ತಿದ್ದಳು. ಹರಟೆಯ ಭರದಲ್ಲಿ ಮುಖ ಇತ್ತ ತಿರುಗಿದರೆ ಒಲೆ ಗುಪ್ಪೆಂದು ಹೊಗೆ ಬಿಡುತ್ತಿತ್ತು, ತುಂಗವ್ವ ಸೌಟು ತೋರಿಸುತ್ತಿದ್ದಳು.

ಮಾತು ನಿಂತದ್ದು ಬಾಳವ್ವನ ಮಗಳನ್ನು ನೋಡಲು ಬೀಗರು ಬಂದ ದಿನ. ಹೋಳಿಗೆ ಮಾಡುವ ಕೆಲಸ ತುಂಗವ್ವನದು, ಅವಳದೇ ಒಲೆಯಲ್ಲಿ. ಪರಊರಿನ ಬೀಗರು ಎದುರಿಗೆ ಕೂತಷ್ಟು ಹೊತ್ತು ಒಲೆ ಚೆನ್ನಾಗಿಯೇ ಉರಿಯಿತು. ನಡುವೆ ಅವರಿಗೆ ಎತ್ತು ನೋಡುವ ಮನಸ್ಸಾಗಿ ಎಲ್ಲರೂ ಹಿತ್ತಲಿಗೆ ಎದ್ದು ಹೋದರು. ಹೋಳಿಗೆ ಹಸಿಯಾಗಿಯೇ ಉಳಿಯಿತು. ನಮ್ಮಕ್ಕನ ಕೈಯೇ ಇಷ್ಟು ಎಂದು ಬಾಳವ್ವ ಎಲೆಯ ಮುಂದೆ ಎಲ್ಲರಿಗೂ ಕೇಳುವ ಹಾಗೆ ಅಂದಳು. ನಿಮ್ಮ ಬೀಗರ ಕಣ್ಣೇ ಅಷ್ಟು ಎಂದು ತುಂಗವ್ವ ಅಂದಳು. ಅದೇ ಕಡೆಯ ಮಾತು. ಆ ಮಗಳಿಗೆ ಈಗ ಶಾಲೆಗೆ ಹೋಗುವ ಮಕ್ಕಳಿದ್ದಾರೆ.

ನಾನು ಹೇಳಬೇಕೆಂದಿರುವ ವರ್ಷದಲ್ಲಿ ತುಂಗವ್ವನ ಸಾಲು ವಾರವಾರವೂ ಕೆಂಪಾಗಿ, ಎಂದರೆ ಅನ್ನ ಬೇಯುವಷ್ಟು ಹೊತ್ತೂ ಯಾರೂ ನಿಲ್ಲಲಿಲ್ಲವೆಂದು, ಬರುತ್ತಿತ್ತು. ನಮ್ಮಲ್ಲಿ ಒಂದು ಕಟ್ಟಳೆ ಇದೆ. ಒಂದು ಅಮಾವಾಸ್ಯೆಯಿಂದ ಇನ್ನೊಂದು ಅಮಾವಾಸ್ಯೆಯವರೆಗೆ ಒಂದು ಒಲೆಯಲ್ಲಿ ಬಿಸಿ ಅಡುಗೆ ಆಗದಿದ್ದರೆ ಹಿರಿಯರು ಒಂದು ಹಿಡಿ ತೊಗರಿಬೇಳೆ ತೆಗೆದುಕೊಂಡು ಬರುತ್ತಾರೆ. ಅವರೆದುರಿಗೆ ಆ ಬೇಳೆ ಬೆಂದರೆ ಒಲೆ ಉಳಿಯಿತು. ಬೇಯದಿದ್ದರೆ ಒಲೆಯ ಮೂರು ಕಲ್ಲು ಕಿತ್ತು ಹತ್ತಿರದ ಸಂಬಂಧಿಕರ ಒಲೆಗೆ ಕೂಡಿಸುತ್ತಾರೆ, ಆಮೇಲೆ ಬದುಕಿರುವ ತನಕ ಅಲ್ಲಿಯೇ ಊಟ. ತುಂಗವ್ವನಿಗೆ ಹತ್ತಿರದ ಸಂಬಂಧವೆಂದರೆ ಬಾಳವ್ವ. ನನ್ನ ಕೈಯೇ ಇಷ್ಟು ಎಂದವಳ ಪಂಕ್ತಿಯಲ್ಲಿ ದಿನಾ ತಟ್ಟೆ ಹಿಡಿದು ಕೂರುವುದಕ್ಕಿಂತ ನೆನೆಸಿದ ಕಾಳು ತಿಂದೇ ಸಾಯುತ್ತೇನೆ ಎಂದು ತುಂಗವ್ವ ನನ್ನ ಹತ್ತಿರ ಹೇಳಿದ್ದಳು. ಅದು ಕೋಪದ ಮಾತಾಗಿರಲಿಲ್ಲ. ಅವಳು ಎಲ್ಲ ಮಾತನ್ನೂ ಬೇಳೆಯಲ್ಲಿ ಕಲ್ಲು ಆರಿಸುವ ಹಾಗೆ ಆಡುವವಳು.

ವರದಿ ಎಲ್ಲರ ಫೋನಿಗೂ ಹೋಗುತ್ತಿತ್ತಲ್ಲ, ಅವಳ ಕೆಂಪು ಸಾಲನ್ನು ಊರೇ ನೋಡಿತು. ಒಬ್ಬರಿಗೊಬ್ಬರು ಹೇಳಿಕೊಳ್ಳದೆ, ಪುಣ್ಯದ ಕೆಲಸವೆಂದು, ಎಲ್ಲರೂ ಅವಳ ವಿಡಿಯೊ ತೆರೆದು ಕೂತರು. ಬಾವಿಕಟ್ಟೆಯ ಹೆಂಗಸರು, ಚಹಾದಂಗಡಿಯ ಗಂಡಸರು, ಜ್ವರ ಬಂದು ಮಲಗಿದ್ದ ಅಂಚೆಯವನು. ಗೊತ್ತಿರುವ ಸಂಗತಿಯನ್ನೇ ಪ್ರೀತಿಯಲ್ಲಿ ಮರೆತಿದ್ದರು. ತುಂಗವ್ವನ ಮನೆಯ ಬೆಳಕಿಂಡಿಯಿಂದ, ಬಾಗಿಲಿನಿಂದ, ಹೆಂಚಿನ ಸಂದಿಯಿಂದ ಹೊಗೆ ಎದ್ದಿತು. ಅವಳು ಕೆಮ್ಮುತ್ತ ಬೀದಿಗೆ ಬಂದು ನಿಂತು, ಯಾರನ್ನೂ ನೋಡದೆ, "ಯಾರ್ಯಾರು ನೋಡಾಕತ್ತೀರೋ ನಿಮಗ ಪುಣ್ಯ ಬರ್ಲಿ. ಇನ್ನ ಸಾಕ್ ಮಾಡ್ರಿ, ಕಣ್ಣ ಹೋದಾವು" ಎಂದಳು. ಬೀದಿಯಲ್ಲಿದ್ದವರೆಲ್ಲ ಫೋನನ್ನು ಸೆರಗಿನಲ್ಲಿ, ಅಂಗಿಯಲ್ಲಿ ಹುದುಗಿಸಿದರು.

ಆ ವಾರದಿಂದ ನಾನು ವರದಿಯಲ್ಲಿ ಹೊರಗಿನವರ ಕಣ್ಣು, ಊರಿನವರ ಕಣ್ಣು ಎಂದು ಬೇರೆ ಮಾಡಿ ಉರಿ, ಹೊಗೆ ಎಂಬ ಎರಡು ಮನೆ ಹಾಕಿದೆ. ಹಾಗೆ ಬೇರೆ ಮಾಡುವಾಗಲೇ ತುಂಗವ್ವನ ಗೀಟನ್ನು ಸರಿಯಾಗಿ ನೋಡಿದ್ದು. ಅವಳ ವಿಡಿಯೊದಲ್ಲಿ ಏನೂ ಇಲ್ಲ. ಒಲೆಯ ಪಕ್ಕ ಅರ್ಧ ಮುಖ ತಿರುಗಿಸಿ ಕೂತು ಮೊರದಲ್ಲಿ ಬೇಳೆ ಆರಿಸುತ್ತಾಳೆ, ಮಾತಿಲ್ಲ. ಹೊರಗಿನವರು ಬರುತ್ತಾರೆ, ಹೋಗುತ್ತಾರೆ, ಗೀಟು ನೆಲಕ್ಕೆ ಇಳಿಯುತ್ತದೆ. ಆದರೆ ಕೊನೆಕೊನೆಗೆ ಒಂದು ಕಡೆ ಅದು ಇರುವೆಗೂಡಿನ ಹಾಗೆ ಉಬ್ಬಿತ್ತು. ಅಲ್ಲಿಯವರೆಗೆ ನಿಂತ ನಾಲ್ಕು ಮಂದಿ ಹಿಂದಕ್ಕೆ ಹೋಗಿ ಹೋಗಿ ಅದೊಂದು ಜಾಗವನ್ನೇ ಮತ್ತೆ ನೋಡಿದ್ದರು. ಏನಿದೆ ಅಲ್ಲಿ ಎಂದು ನೋಡೋಣವೆಂದರೆ ನಾನೂ ಊರಿನವಳೇ. ತುಂಗವ್ವನಿಗೆ ಹೇಳಿ, ಬಾಗಿಲು ತೆರೆದಿಡಿಸಿ, ಒಂದೇ ಒಂದು ಸಲ ನೋಡಿದೆ.

ಒಂದು ಕೈ. ಗೋಡೆಯ ಆಚೆಯಿಂದ ಬಳೆ ತುಂಬಿದ ಒಂದು ಕೈ ಬಂದು ಮಜ್ಜಿಗೆಯ ಬಟ್ಟಲನ್ನು ಗೋಡೆಯ ಮೇಲಿಟ್ಟು ಹೋಗುತ್ತದೆ. ತುಂಗವ್ವ ಎದ್ದು ಮಜ್ಜಿಗೆ ಬಗ್ಗಿಸಿಕೊಂಡು, ಬಟ್ಟಲು ತೊಳೆದು, ಬರಿದು ಕಳಿಸಬಾರದೆಂದು ಅದರಲ್ಲಿ ಎರಡು ನಿಂಬೆಹಣ್ಣು ಹಾಕಿ ಅಲ್ಲೇ ಇಡುತ್ತಾಳೆ. ಕೈ ಮತ್ತೆ ಬಂದು ಬಟ್ಟಲನ್ನು ತೆಗೆದುಕೊಳ್ಳುತ್ತದೆ. ಮುಖವಿಲ್ಲ, ಮಾತಿಲ್ಲ. ಮಾತು ಬಿಟ್ಟ ಮೇಲೂ ಮಜ್ಜಿಗೆ ಬಿಟ್ಟಿರಲಿಲ್ಲವೆಂದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಇದು ಯಾರ ಕೈ, ಇವರು ಯಾಕೆ ಮಾತಾಡುವುದಿಲ್ಲ ಎಂದು ಪರಊರಿನವರು ಕೆಳಗೆ ಬರೆದು ಕೇಳಿದ್ದರು.

ತುಂಗವ್ವನಿಗೆ ಇದನ್ನು ಓದಿ ಹೇಳಿದೆ. ಅವಳು ಮೊರ ಕೆಳಗಿಟ್ಟಳು.

"ಅಕಿ ಕೈ ನೋಡಾಕ ಬರ್ತಾರ? ಇಷ್ಟ ದಿನ ಮಾರಿ ತೋರಿಸ್ಕೊಂಡ ಕುಂತಾಕಿ ನಾನು."

"ಅರ್ಧ ಮಾರಿ," ಅಂದೆ ನಾನು.

ಬಾಳವ್ವನನ್ನು ಮಾತ್ರ ಕೇಳಬೇಡ ಎಂದಳು. ನಾನು ಕೇಳಬೇಕಾಗಿಯೇ ಇರಲಿಲ್ಲ. ವರದಿ ಬಾಳವ್ವನ ಫೋನಿಗೂ ಹೋಗಿತ್ತು, ಆ ಉಬ್ಬಿನ ಕೆಳಗೆ ಕೈ ಎಂದು ನಾನೇ ಬರೆದಿದ್ದೆ. ನಾನು ಹೋದಾಗ ಅವಳು ಹುಣಸೆಹಣ್ಣು ಹಚ್ಚಿ ಬಳೆ ತೊಳೆದುಕೊಳ್ಳುತ್ತಿದ್ದಳು. ತಲೆ ಎತ್ತದೆ, "ಕೈ ಎಷ್ಟೊತ್ತಿಗೆ ಹಾಕ್ಬೇಕು ಪಾರಕ್ಕ?" ಎಂದು ಕೇಳಿದಳು.

ಇಷ್ಟು ವರ್ಷ ಅವರಿಬ್ಬರನ್ನೂ ಮಾತಾಡಿಸಲು ನೋಡಿದವಳು ನಾನು. ಹಬ್ಬದಲ್ಲಿ ಪಕ್ಕಪಕ್ಕ ಕೂರಿಸಿದ್ದೆ, ಸುಳ್ಳುಸುಳ್ಳೇ ಒಬ್ಬರ ಹೊಗಳಿಕೆಯನ್ನು ಇನ್ನೊಬ್ಬರಿಗೆ ಮುಟ್ಟಿಸಿದ್ದೆ. ಈಗ ವರದಿ ಹೇಳಿದ್ದೇ ಬೇರೆ. ಜನ ನಿಲ್ಲುವುದು ಇವರು ಮಾತಾಡುವುದಿಲ್ಲ ಎಂಬುದಕ್ಕೆ. ಮಾತು ಬಂದರೆ ನೋಡಲು ಏನೂ ಉಳಿಯುವುದಿಲ್ಲ. ಹಾಗಾಗಿ ಎರಡು ಮನೆಗೂ ಹೋಗಿ, ಅಮಾವಾಸ್ಯೆಗೆ ಹಿರಿಯರು ಬರುವ ಬೇಳೆಯ ದಿನ ಮುಗಿಯುವ ತನಕ ದಯವಿಟ್ಟು ಮಾತಾಡಬೇಡಿ ಎಂದು ಹೇಳಿ ಬಂದೆ. ಇಬ್ಬರೂ, ನಾವೆಲ್ಲಿ ಮಾತಾಡಲು ಹೊರಟಿದ್ದೆವು ಎಂಬ ಹಾಗೆ ನನ್ನ ಮುಖ ನೋಡಿದರು.

ಬೇಳೆಯ ದಿನ ಲೈವ್ ಇಟ್ಟೆವು. ಹೊರಗಿನವರು ಹೆಚ್ಚು ಹೊತ್ತು ನಿಲ್ಲುವುದು ಸಂಜೆ, ಅವರವರ ಊರಿನಲ್ಲಿ ಕೆಲಸ ಬಿಟ್ಟು ಮನೆಗೆ ಬಂದ ಮೇಲೆ ಎಂದು ವರದಿಯಿಂದ ಗೊತ್ತಿತ್ತು. ಓಣಿಯವರ ಫೋನುಗಳನ್ನೆಲ್ಲ ಒಂದು ರೊಟ್ಟಿಬುಟ್ಟಿಗೆ ತುಂಬಿ ಮೇಲೆ ಬಟ್ಟೆ ಮುಚ್ಚಿ ಚಾವಡಿಯಲ್ಲಿಟ್ಟೆವು. ತುಂಗವ್ವನ ಫೋನೊಂದೇ ಗೂಡಿನಲ್ಲಿ, ಒಲೆ ಮತ್ತು ಗೋಡೆ ಎರಡೂ ಕಾಣುವ ಹಾಗೆ ನಿಂತಿತ್ತು. ಹಿರಿಯ ಚನವೀರಪ್ಪ ಬೇಳೆಯ ಹಿಡಿಯನ್ನು ತಾನೇ ಪಾತ್ರೆಗೆ ಹಾಕಿ ಒಲೆಗೆ ಬೆನ್ನು ಹಾಕಿ ಕೂತ. ನಾನೂ ಅವನ ಪಕ್ಕದಲ್ಲಿ ಬೀದಿ ನೋಡುತ್ತ ಕೂತೆ. ಇನ್ನು ಏನಿದ್ದರೂ ಕಿವಿ, ಮೂಗು.

ಪುಳ್ಳೆ ಚಟಪಟ ಎಂದವು, ಬೆಂಕಿ ಹತ್ತಿತು. ಎಸರಿನ ಸದ್ದು ಶುರುವಾಯಿತು. ಬಟ್ಟಲು ಗೋಡೆಯ ಮೇಲೆ ಕೂತ ಸದ್ದು, ಬಳೆಯ ಸದ್ದು, ತುಂಗವ್ವ ಬಟ್ಟಲು ತೊಳೆದ ಸದ್ದು, ಎಲ್ಲವನ್ನೂ ಕೇಳಿದೆವು. ಬೇಳೆ ಅರ್ಧ ಬೆಂದ ವಾಸನೆ ಬರುತ್ತಿತ್ತು. ಚನವೀರಪ್ಪ ತಲೆಯಾಡಿಸುತ್ತಿದ್ದ. ಆಗ ಗೋಡೆಯ ಕಡೆಯಿಂದ ಬಾಳವ್ವನ ದನಿ ಬಂತು.

"ಅಕ್ಕಾ, ಸೆರಗ."

ನನಗೆ ತಿರುಗುವಂತಿಲ್ಲ. ಬಟ್ಟೆ ಕೊಡವಿದ ಸದ್ದಾಯಿತು. ಆಮೇಲೆ ತುಂಗವ್ವ ಮೆಲ್ಲಗೆ, "ಕಂಡೈತಿ" ಅಂದಳು.

"ಕಂಡಿದ್ರ ಯಾಕ ಹಂಗ ಕುಂತಿದ್ದಿ? ಬೆಂಕಿ ಹತ್ತಿದ್ರ?"

"ಮಂದಿ ನೋಡಾಕತ್ತಾರ, ಸುಮ್ಮನಿರು."

"ನೋಡ್ಲಿ."

ಅಲ್ಲಿಗೆ ಮುಗಿಯಿತು ಎಂದುಕೊಂಡೆ. ನೋಡುತ್ತಿದ್ದವರು ಈಗ ಎದ್ದು ಹೋಗುತ್ತಾರೆ, ಬೆಂಕಿ ಇಳಿಯುತ್ತದೆ, ಮೂರು ಕಲ್ಲು ಕೀಳುತ್ತಾರೆ. ಮೊಣಕಾಲು ಹಿಡಿದುಕೊಂಡು ಕಿವಿಗೊಟ್ಟೆ. ಬೆಂಕಿಯ ಸದ್ದು ಇಳಿಯಲಿಲ್ಲ. ಅದುವರೆಗೆ ಇದ್ದುದಕ್ಕಿಂತ ಒಂದು ಹದ ಗಟ್ಟಿಯಾಗಿಯೇ ಉರಿಯಿತು. ಚನವೀರಪ್ಪ ಮೂಗು ಎಳೆದು ನೋಡಿದ. ಹೊಗೆಯ ಸುಳಿವಿಲ್ಲ. ಹೊರಗಿನ ಕಣ್ಣು ಇನ್ನೂ ಇವೆ ಎಂದ. ಕಡೆಗೆ ಎದ್ದು ಸೌಟಿನಲ್ಲಿ ಒಂದು ಬೇಳೆ ತರಿಸಿಕೊಂಡು ಎರಡು ಬೆರಳಲ್ಲಿ ಒತ್ತಿದ. ಬೆಣ್ಣೆಯ ಹಾಗೆ ಒತ್ತಿಕೊಂಡಿತು. ಒಲೆ ಉಳಿಯಿತು ಎಂದು ಬೀದಿಗೆ ಕೇಳುವ ಹಾಗೆ ಹೇಳಿ, ಬಾಯಿಗೆ ಹಾಕಿಕೊಂಡು, ಉಪ್ಪಿಲ್ಲ ಎಂದೂ ಸೇರಿಸಿದ.

ಮರುದಿನ ವರದಿಗೆ ಕೂತೆ. ಗೀಟು ಚೆನ್ನಾಗಿ ಏರಿತ್ತು, ಕೈ ಬಂದಲ್ಲಿ ಇನ್ನೂ ಏರಿತ್ತು. ಅದಾದ ಸ್ವಲ್ಪ ಹೊತ್ತಿಗೆ ಕೊಡಲಿಯಿಂದ ಕಡಿದ ಹಾಗೆ ನೆಲಕ್ಕೆ ಬಿದ್ದಿತ್ತು. ಟವರಿನ ಕರೆಂಟು ಹೋಗಿತ್ತಂತೆ, ಅಂಚೆಯವನು ಹೇಳಿದ. ಲೈವ್ ಅಲ್ಲಿಗೇ ತುಂಡಾಗಿತ್ತು. ಬಾಳವ್ವ ಅಕ್ಕಾ ಎಂದದ್ದು ಅದರ ನಂತರ. ಹೊರಗಿನವರು ಒಬ್ಬರೂ ಅದನ್ನು ಕೇಳಿಯೇ ಇರಲಿಲ್ಲ. ಅಲ್ಲಿಂದಾಚೆ ಉರಿಯ ಮನೆಯಲ್ಲಿ ಏನೂ ಇಲ್ಲ, ಹೊಗೆಯ ಮನೆಯಲ್ಲಿಯೂ ಏನೂ ಇಲ್ಲ. ಊರಿನ ಫೋನುಗಳೆಲ್ಲ ಬುಟ್ಟಿಯಲ್ಲಿದ್ದವು, ನಮ್ಮ ಬೆನ್ನುಗಳು ಒಲೆಗಿದ್ದವು.

ಆದರೂ ಬೇಳೆ ಬೆಂದಿತ್ತು. ತುಂಗವ್ವನನ್ನು ಬಿಟ್ಟರೆ ಆ ಹೊತ್ತಿನಲ್ಲಿ ಒಲೆಯನ್ನು ನೋಡಿದವಳು ಒಬ್ಬಳೇ. ಗೋಡೆಯ ಮೇಲಿಂದ ಕತ್ತು ಚಾಚಿ ಸೆರಗು ಕಂಡವಳು. ಅವಳು ಊರಿನವಳು, ಸಂಬಂಧದವಳು, ಅವಳ ಕಣ್ಣಿಗೆ ಹೊಗೆ ಏಳಬೇಕಿತ್ತು. ಎದ್ದದ್ದು ಉರಿ. ನಾನು ವರದಿಯನ್ನು ಯಾರಿಗೂ ಕಳಿಸಲಿಲ್ಲ.

ಮೊದಲು ಚನವೀರಪ್ಪನ ಹತ್ತಿರ ಹೋದೆ. ಅವನು ಗೀಟನ್ನು ನೋಡಿ, ನನ್ನನ್ನು ನೋಡಿ, ಕಟ್ಟಳೆಯಲ್ಲಿ ಬೇಳೆ ಬೇಯಬೇಕು ಎಂದಿದೆ, ಯಾರ ಕಣ್ಣಿಗೆ ಎಂದಿಲ್ಲ ಪಾರವ್ವ ಎಂದ. ಒಲೆಯ ಪ್ರಶ್ನೆ ಅಲ್ಲಿಗೆ ತೀರಿತು. ಉಳಿದದ್ದು ಬೇರೆ. ಊರಿಗೆ ಹಂಚುವ ಮೊದಲು ಅವರಿಬ್ಬರಿಗೂ ತೋರಿಸುವುದು ಸರಿ ಎನಿಸಿ ತುಂಗವ್ವನ ಮನೆಗೆ ನಡೆದೆ.

ಬಾಳವ್ವ ಗೋಡೆಯ ಆಚೆ ನಿಂತಿದ್ದಳು, ಮುಖ ಬೀದಿಗೆ. ನಡುವೆ ಬಟ್ಟಲು. ಮಾತು ಶುರುವಾಗಿತ್ತು, ಆದರೆ ಇನ್ನೂ ಹಿತ್ತಲಿನ ಮೆಣಸಿನಗಿಡ, ಎಮ್ಮೆಯ ಹಾಲು ಇಷ್ಟರಲ್ಲೇ ಇತ್ತು. ನಾನು ಒಲೆಗೆ ಬೆನ್ನು ಹಾಕಿ ಕೂತು, ಗೀಟು ಎಲ್ಲಿ ಬಿತ್ತು, ಆಮೇಲೆ ಯಾರು ನೋಡಿದರು ಎಂಬುದನ್ನು ಇದ್ದದ್ದು ಇದ್ದ ಹಾಗೆ ಹೇಳಿದೆ. ಬಾಳವ್ವ ಬಟ್ಟಲನ್ನು ಗೋಡೆಯ ಮೇಲೆ ಅತ್ತ ಸರಿಸಿದಳು, ಇತ್ತ ಸರಿಸಿದಳು.

"ಅಂದ್ರ ಈ ಒಲಿಗೆ ನಾ ಪರಸ್ಥಳದಾಕಿ ಆಗಿದ್ದೆ," ಅಂದಳು.

ತುಂಗವ್ವ ಒಲೆಯಲ್ಲಿ ಪುಳ್ಳೆ ಒಡ್ಡುವ ಸದ್ದು ಕೇಳಿತು.

"ನಿನ್ನಿದು ನಿನ್ನಿಗಿ ಮುಗೀತು," ಅಂದಳು. "ಈಗ ನೋಡ."

"ಮತ್ತ ಉರೀತಂದ್ರ?"

ಅಷ್ಟು ಸಣ್ಣ ದನಿಯಲ್ಲಿ ಬಾಳವ್ವ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

"ಉರೀತಂದ್ರ ಹೋಳಿಗಿ ಮಾಡೋಣು. ನೋಡ."

ಗೋಡೆಯ ಮೇಲೆ ಬಳೆಗಳು ಒರಗಿದ ಸದ್ದಾಯಿತು. ನಾನು ಬೀದಿಯನ್ನೇ ನೋಡುತ್ತಿದ್ದೆ. ಎದುರುಮನೆಯ ಜಗಲಿಯಲ್ಲಿ ಒಂದು ಕೋಳಿ ಕಾಲು ಬದಲಿಸುತ್ತ ನಿಂತಿತ್ತು. ಪುಳ್ಳೆಯ ಚಟಪಟ ಕೇಳುತ್ತದೆಯೋ ಎಂದು ಕಿವಿಗೊಟ್ಟರೆ ಏನೂ ಕೇಳಲಿಲ್ಲ. ಸ್ವಲ್ಪ ಹೊತ್ತಿಗೆ ನನ್ನ ಗಂಟಲು ಕೆರೆಯಿತು.

ಬೆನ್ನ ಹಿಂದೆ ಮೊದಲು ತುಂಗವ್ವ ಕೆಮ್ಮಿದಳು, ಆಮೇಲೆ ಬಾಳವ್ವ. ಹೊಗೆ ನನ್ನ ತಲೆಯ ಮೇಲಿಂದ ಹಾಯ್ದು ಬೀದಿಗೆ ಹೋಯಿತು. ಮುಖ ತಿರುಗಿಸು ಎಂದು ತುಂಗವ್ವ ಹೇಳುತ್ತಾಳೆಂದು ಕಾದೆ. ಹೇಳಲಿಲ್ಲ. ಬಾಳವ್ವನೂ ತಿರುಗಿಸಲಿಲ್ಲ. ಇಬ್ಬರೂ ಕೆಮ್ಮುತ್ತಲೇ ಇದ್ದರು. ನಾನು ಸೆರಗಿನಿಂದ ಕಣ್ಣು ಒರೆಸಿ, ಫೋನಿನ ಗಾಜನ್ನೂ ಒರೆಸಿ, ಆ ವಾರದ ವರದಿಯನ್ನು ಊರಿಗೆಲ್ಲ ಕಳಿಸಿದೆ.